ಸೆನೆಟರ್‌ನನ್ನು ಮನೆಮನೆಗೆ ಕರೆತಂದವಳು

ನಮ್ಮ ಕಾಸ್ವೆಲ್ ಊರಿನಲ್ಲಿ ಬೆಳೆದ ಯಾರನ್ನೇ ಕೇಳಿ, ಮಾರ್ಲಿಸ್ ಕೊಸ್ಕೆಲಾಳ ಕೈಯಡುಗೆ ಉಂಡೇ ಇರುತ್ತಾರೆ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತವಳು ತಲೆ ನರೆಯುವವರೆಗೂ ನಿಂತೇ ಇದ್ದಳು. ಗಣಿಯಲ್ಲಿ ಕೆಲಸ ನಿಂತ ವರ್ಷ ಯಾವ ಹುಡುಗನ ತಟ್ಟೆಗೆ ಇನ್ನೊಂದು ಸೌಟು ಬೀಳಬೇಕೆಂದು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಮಾತು ಒರಟು. ಬಡಿಸುವಾಗಲೂ ಬೈಯುತ್ತಲೇ ಬಡಿಸುತ್ತಿದ್ದಳು.

ಗಂಡ ರೇ ಕಬ್ಬಿಣದ ಗಣಿಯಲ್ಲಿ ಯೂನಿಯನ್ ಮುಖಂಡನಾಗಿದ್ದ. ಗಣಿಯ ಧೂಳು ಎದೆಯಲ್ಲಿ ಕೂತು, ಕೊನೆಯ ಎರಡು ಚಳಿಗಾಲ ಕುರ್ಚಿಯಲ್ಲೇ ಕೂತು ನಿದ್ದೆ ಮಾಡಿ, ಒಂದು ದಿನ ಕುರ್ಚಿಯಲ್ಲೇ ಹೋದ. ಮಕ್ಕಳಿರಲಿಲ್ಲ. ಅವನು ಹೋದ ಮೇಲೆ ಮಾರ್ಲಿಸ್‌ಗೆ ಉಳಿದದ್ದು ಎರಡು. ಒಂದು ಪಕ್ಷ, ಇನ್ನೊಂದು ಪಕ್ಕದ ಮನೆಯ ಬರ್ನಡೆಟ್ ಮ್ಲಾಕರ್.

ಪಕ್ಷ ಅಂದರೆ ನಮ್ಮ ಕಡೆ ಅದು ಅರ್ಧ ರಾಜಕೀಯ, ಅರ್ಧ ನೆಂಟಸ್ತನ. ಅಜ್ಜಂದಿರು ಫಿನ್ಲೆಂಡಿನಿಂದಲೂ ಸ್ಲೊವೇನಿಯಾದಿಂದಲೂ ಬಂದು ಗಣಿಗಿಳಿದ ಕಾಲದಿಂದ ಊರಿಗೆ ಊರೇ ಆ ಪಕ್ಷಕ್ಕೆ ಓಟು ಹಾಕಿಕೊಂಡು ಬಂದದ್ದು. ಕಾಸ್ವೆಲ್ ಘಟಕಕ್ಕೆ ಮಾರ್ಲಿಸ್ ಅಧ್ಯಕ್ಷೆ. ಬೇರೆ ಯಾರೂ ಆಗಲು ಒಪ್ಪುತ್ತಿರಲಿಲ್ಲ ಎನ್ನುವುದೂ ನಿಜವೇ.

ಕರ್ಟ್ ವಿಡ್ಮಾರ್‌ನನ್ನು ರಾಜ್ಯದ ಸೆನೆಟ್‌ಗೆ, ಅಂದರೆ ಶಾಸನಸಭೆಯ ಮೇಲ್ಮನೆಗೆ, ನಿಲ್ಲಿಸಿದ್ದು ಅವಳೇ. ಕರ್ಟ್ ಗಣಿಯಲ್ಲಿ ಎಲೆಕ್ಟ್ರಿಷಿಯನ್, ರೇ ಕೈಕೆಳಗೆ ಕೆಲಸ ಕಲಿತವನು. ಒಳ್ಳೆಯವನು, ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡಲಾರದವನು. ಆ ಬೇಸಿಗೆ ಮಾರ್ಲಿಸ್ ಅವನನ್ನು ತನ್ನ ಹಳೆಯ ಬ್ಯೂಕ್ ಕಾರಿನಲ್ಲಿ ಕೂರಿಸಿಕೊಂಡು ಊರೂರು ಸುತ್ತಿದಳು. "ಕಾಫಿ ಕೊಟ್ರೆ ಬೇಡ ಅನ್ಬೇಡ. ಕಾಲಿಗೆ ನಾಯಿ ಬಂದ್ರೆ ಮೊದ್ಲು ನಾಯಿನ ಮಾತಾಡ್ಸು. ಗಂಡ ಬೈದ್ರೆ ಹೆಂಡತಿ ಮುಖ ನೋಡು," ಎಂದು ದಾರಿಯುದ್ದಕ್ಕೂ ಪಾಠ. ಬಾಗಿಲು ತೆರೆದವರು ಅವನನ್ನು ನೋಡುತ್ತಿರಲಿಲ್ಲ, ಇವಳನ್ನು ನೋಡುತ್ತಿದ್ದರು. "ಇವ್ನು ನಮ್ಮೋನು, ನಾನು ಹೇಳ್ತಿದೀನಲ್ಲ," ಎಂದರೆ ಮುಗಿಯಿತು. ಕರ್ಟ್ ಗೆದ್ದ. ಮತ್ತೆ ಗೆದ್ದ. ಅವನ ಮಾತು ಸಲೀಸಾಯಿತು, ಕೋಟು ಮೈಗೆ ಹೊಂದಿತು. ಆದರೂ ರಾಜಧಾನಿಯಿಂದ ಬಂದಾಗಲೆಲ್ಲ ಅವಳ ಅಡುಗೆಮನೆಗೆ ಬಂದು ಕೂರುತ್ತಿದ್ದ.

ಮೂರನೆಯ ಸಲ ಗೆದ್ದು ಇನ್ನೂ ಕ್ರಿಸ್‌ಮಸ್ ಬಂದಿರಲಿಲ್ಲ. ಬೆಳಗಿನ ರೇಡಿಯೋದಲ್ಲಿ ಸುದ್ದಿ ಬಂತು: ಸೆನೆಟರ್ ವಿಡ್ಮಾರ್ ಪಕ್ಷ ಬಿಟ್ಟಿದ್ದಾರೆ, ಎದುರು ಪಕ್ಷದ ಸಾಲಿನಲ್ಲಿ ಕೂರುತ್ತಾರೆ. ಕಾರಣ ಎಲ್ಲರಿಗೂ ಗೊತ್ತಿದ್ದದ್ದೇ. ಕೆರೆಗಳ ಆಚೆ ತಾಮ್ರದ ಹೊಸ ಗಣಿ ತೆಗೆಯುವ ಮಾತಿತ್ತು, ರಾಜಧಾನಿಯಲ್ಲಿರುವ ನಮ್ಮ ಪಕ್ಷದವರೇ ನೀರು ಕೆಡುತ್ತದೆ ಎಂದು ಅಡ್ಡಗಾಲು ಹಾಕಿದ್ದರು, ನಮ್ಮ ಊರಿಗೋ ಕೆಲಸ ಬೇಕಿತ್ತು.

ಆ ಹೊತ್ತಿನಲ್ಲಿ ನಾನು ಅವಳ ಮನೆಯಲ್ಲೇ ಇದ್ದೆ. ಬೀದಿಯ ಆಚೆ ಬದಿಯ ಮನೆ ನನ್ನದು. ಅವಳ ನೀರಿನ ಪೈಪು ಹೆಪ್ಪುಗಟ್ಟಿತ್ತೆಂದು ಹೋಗಿದ್ದೆ. ಅವಳು ರೇಡಿಯೋ ಆರಿಸಲಿಲ್ಲ, ಕೂಗಾಡಲಿಲ್ಲ. ಕೈ ಒರೆಸಿಕೊಂಡು ಕರ್ಟ್‌ಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮರುದಿನ ತಾನೇ ಮಾಡಿದನಂತೆ.

"ಮಾರ್ಲಿಸ್, ನಾನು ಪಕ್ಷ ಬಿಟ್ಟಿಲ್ಲ. ಪಕ್ಷಾನೇ ನಮ್ಮನ್ನ ಬಿಟ್ಟಿರೋದು."

"ಅದನ್ನ ರೇಡಿಯೋದಲ್ಲೇ ಕೇಳ್ದೆ. ನಂಗೆ ಅಂತ ಬೇರೆ ಏನಾದ್ರೂ ಇದ್ರೆ ಹೇಳು."

"ಊರಿಗೆ ಕೆಲಸ ಬೇಕು. ನಿಮಗೆ ಗೊತ್ತಿಲ್ವಾ?"

"ಗೊತ್ತು ಕಣೋ. ಅದನ್ನ ಹೋದ ತಿಂಗಳು, ಓಟು ಕೇಳೋವಾಗ ಹೇಳ್ಬೇಕಿತ್ತು. ಆಗ ಜನ ನಿನ್ನನ್ನೇ ಆರಿಸ್ತಿದ್ರೋ ಇಲ್ವೋ, ಅದು ಅವರಿಷ್ಟ. ನೀನು ನನ್ನ ಬಾಯಲ್ಲಿ ಒಂದು ಹೇಳ್ಸಿ, ಆಚೆ ಹೋಗಿ ಇನ್ನೊಂದು ಮಾಡ್ದೆ."

ಅವನು ಏನೋ ಹೇಳುತ್ತಿದ್ದನಂತೆ. ಇವಳು ಫೋನ್ ಇಟ್ಟುಬಿಟ್ಟಳು.

ಗೆದ್ದವನನ್ನು ಮಧ್ಯದಲ್ಲಿ ಇಳಿಸುವ ದಾರಿ ನಮ್ಮ ರಾಜ್ಯದಲ್ಲಿ ಇಲ್ಲ. ಮುಂದಿನ ಚುನಾವಣೆಯವರೆಗೆ ಕಾಯಬೇಕು, ಅಷ್ಟರಲ್ಲಿ ಅವನೆದುರು ನಿಲ್ಲುವವರನ್ನು ಹುಡುಕಬೇಕು. ಮಾರ್ಲಿಸ್ ಯೂನಿಯನ್ ಹಾಲ್‌ನ ನೆಲಮಾಳಿಗೆಯಲ್ಲಿ ಸಭೆ ಕರೆದಳು. ದೊಡ್ಡ ಪಾತ್ರೆಯಲ್ಲಿ ಕಾಫಿ ಮಾಡಿದಳು, ಕುರ್ಚಿಗಳನ್ನು ಸಾಲಾಗಿ ಹಾಕಿದಳು. ಬಂದದ್ದು ನಾನು, ಒಬ್ಬ ನಿವೃತ್ತ ಮೇಷ್ಟ್ರು, ಮತ್ತು ಹೊರಗೆ ಚಳಿಯೆಂದು ಒಳಗೆ ಬಂದು ಕೂತ ಒಬ್ಬ ಮುದುಕ. ಕಾಫಿಯನ್ನೆಲ್ಲ ಕೊನೆಗೆ ಬಚ್ಚಲಿಗೆ ಸುರಿದಳು.

ಬರ್ನಡೆಟ್ ಬಂದಿರಲಿಲ್ಲ.

ಅವರಿಬ್ಬರೂ ಒಂದೇ ಬೀದಿಯಲ್ಲಿ ಹುಟ್ಟಿದವರು, ಮದುವೆಯಾಗಿ ಅಕ್ಕಪಕ್ಕದ ಮನೆಗೇ ಬಂದವರು. ಒಬ್ಬಳ ಮನೆಯ ಕಿಟಕಿಯಿಂದ ಇನ್ನೊಬ್ಬಳ ಒಲೆ ಕಾಣುತ್ತಿತ್ತು. ಬರ್ನಡೆಟ್‌ಳ ಗಂಡ ಫ್ರಾಂಕ್ ಗಣಿಯಲ್ಲಿ ಲಾರಿ ಓಡಿಸಿದವನು. ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಕೆಲಸ ಹೋಗಿತ್ತು, ಇನ್ನೊಬ್ಬನದು ಇವತ್ತೋ ನಾಳೆಯೋ ಎನ್ನುವಂತಿತ್ತು. ಸಭೆಯ ಮಾರನೆಯ ದಿನ ಮಾರ್ಲಿಸ್ ಅಂಗಳದಲ್ಲೇ ಅವಳನ್ನು ಹಿಡಿದಳು.

"ಯಾಕೆ ಬರ್ಲಿಲ್ಲ?"

"ಯಾಕೆ ಬರ್ಬೇಕು?" ಬರ್ನಡೆಟ್ ಹಿಮ ತೋಡುವ ಸಲಿಕೆಯನ್ನು ಕೆಳಗಿಡಲಿಲ್ಲ. "ಕರ್ಟ್ ಮಾಡಿದ್ರಲ್ಲಿ ನಂಗೇನೂ ತಪ್ಪು ಕಾಣಲ್ಲ. ನನ್ನ ಹೆಣ್ಮಕ್ಕಳು ಊರು ಬಿಟ್ಟು ಹೋಗದಂಗೆ ನೋಡ್ಕೊತೀನಿ ಅಂತಿದಾನೆ ಅವ್ನು. ನಿನ್ನ ಪಕ್ಷ ಏನು ಮಾಡ್ತು?"

"ನನ್ನ ಪಕ್ಷವಂತೆ! ನಿನ್ನಪ್ಪಂದಲ್ವೇನೇ?"

"ನಮ್ಮಪ್ಪ ಸತ್ತು ಎಷ್ಟು ಕಾಲ ಆಯ್ತು." ಬರ್ನಡೆಟ್ ಮುಖ ಕೆಂಪಾಗಿತ್ತು. "ನಿಂಗೇನೇ, ಮಕ್ಕಳಿಲ್ಲ ಮರಿಯಿಲ್ಲ. ಯಾರು ಊರಲ್ಲಿದ್ರೆಷ್ಟು, ಬಿಟ್ರೆಷ್ಟು."

ಆ ಮಾತು ಬಾಯಿಂದ ಬಂದ ಮೇಲೆ ಬರ್ನಡೆಟ್ ಮತ್ತೆ ಹಿಮ ತೋಡಲು ತೊಡಗಿದಳು. ಮಾರ್ಲಿಸ್ ಒಳಗೆ ಹೋದಳು.

ಕ್ರಿಸ್‌ಮಸ್‌ಗೆ ನಮ್ಮಲ್ಲಿ ಸ್ಲೊವೇನಿಯಾದ ಮನೆಗಳವರು ಪೊಟೀತ್ಸಾ ಎನ್ನುವ ಸಿಹಿ ರೊಟ್ಟಿ ಮಾಡುತ್ತಾರೆ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಕಣಕವನ್ನು ಮೇಜಿನ ಅಂಚಿನವರೆಗೂ ಎಳೆದು ಎಳೆದು, ಕೆಳಗಿನ ಬಟ್ಟೆಯ ಹೂವು ಕಾಣುವಷ್ಟು ತೆಳ್ಳಗೆ ಮಾಡಿ, ಮೇಲೆ ಅಕ್ರೋಟಿನ ಹೂರಣ ಸವರಿ ಸುರುಳಿ ಸುತ್ತುವುದು. ಒಬ್ಬರು ಈ ಬದಿ, ಒಬ್ಬರು ಆ ಬದಿ ನಿಂತು ಎಳೆಯಬೇಕು. ಆ ಇಬ್ಬರು ಹೆಂಗಸರು ಮದುವೆಯಾದ ವರ್ಷದಿಂದ ಒಂದು ಕ್ರಿಸ್‌ಮಸ್ಸನ್ನೂ ಬಿಡದೆ ಒಟ್ಟಿಗೆ ಮಾಡಿದ್ದರು. ಆ ವರ್ಷ ಮಾರ್ಲಿಸ್ ಒಬ್ಬಳೇ ಎಳೆದಳು. ಈ ಬದಿ ಸ್ವಲ್ಪ ಎಳೆದು, ಮೇಜು ಸುತ್ತಿ ಆ ಬದಿಗೆ ಹೋಗಿ ಸ್ವಲ್ಪ ಎಳೆದು, ಮತ್ತೆ ಈಚೆಗೆ. ಕಣಕ ನಡುವೆ ಹರಿಯಿತು. ತೇಪೆ ಹಾಕಿದಳು, ಮತ್ತೆ ಹರಿಯಿತು. ನನಗೆ ಕೊಟ್ಟ ತುಂಡಿನಲ್ಲಿ ಹೂರಣವೆಲ್ಲ ಒಂದೇ ಕಡೆ ಮುದ್ದೆಯಾಗಿತ್ತು. "ಚೆನ್ನಾಗಿದೆ," ಎಂದೆ. "ಸುಳ್ಳು ಹೇಳ್ಬೇಡ, ನಾಯಿಗೆ ಹಾಕು," ಎಂದಳು.

ವಸಂತದಲ್ಲಿ ಸೆನೆಟ್ ಮುಂದೆ ಒಂದು ಮಸೂದೆ ಬಂತು. ಗಣಿಯ ಧೂಳನ್ನು ಅಳೆಯುವ ಕಟ್ಟುಪಾಡನ್ನು ಸಡಿಲ ಮಾಡುವ ಮಸೂದೆ. ಆ ಕಟ್ಟುಪಾಡಿಗಾಗಿ ರೇ ಮತ್ತು ಅವನ ಜೊತೆಯವರು ಒಂದು ಇಡೀ ಬೇಸಿಗೆ ಮುಷ್ಕರ ಕೂತಿದ್ದರು. ಕರ್ಟ್ ಹೊಸ ಪಕ್ಷದವರ ಜೊತೆಗೇ ಕೈ ಎತ್ತಿದ, ಮಸೂದೆ ಪಾಸಾಯಿತು. ಅಲ್ಲಿಯವರೆಗೆ ಮಾರ್ಲಿಸ್‌ಗೆ ಇದ್ದದ್ದು ಬೇಸರ. ಅಂದಿನಿಂದ ಅದು ಹಟವಾಯಿತು.

ಬೇಸಿಗೆಯಿಡೀ ಅವಳು ಮತ್ತೆ ಅವೇ ಬಾಗಿಲುಗಳನ್ನು ತಟ್ಟಿದಳು. ಈ ಸಲ ಪಕ್ಕದ ಸೀಟು ಖಾಲಿ. ಒಂದೊಂದು ಸಲ ನಾನು ಹೋಗುತ್ತಿದ್ದೆ, ಹೆಚ್ಚಾಗಿ ಅವಳೊಬ್ಬಳೇ. ಜನ ಬಾಗಿಲು ತೆರೆಯುತ್ತಿದ್ದರು, ಎಷ್ಟಾದರೂ ಅವಳ ಕೈಯಲ್ಲಿ ಉಂಡವರು. ಆದರೆ ಒಳಗೆ ಕರೆಯುತ್ತಿರಲಿಲ್ಲ.

"ಹೋದ ಸಲ ಅವನನ್ನ ಕರ್ಕೊಂಡು ಬಂದಿದ್ದು ನೀವೇ ಅಲ್ವಾ?" ಎಂದು ಒಬ್ಬ ವೆಲ್ಡರ್ ಬಾಗಿಲ ಚೌಕಟ್ಟಿಗೆ ಒರಗಿ ನಕ್ಕ.

"ನಾನೇ."

"ಈಗ ಅವ್ನು ಬೇಡ ಅಂತೀರಿ. ಮುಂದಿನ ಸಲ ಯಾರನ್ನ ತರ್ತೀರೋ, ಅವ್ನೂ ಬೇಡ ಅಂತ ಅದರ ಮುಂದಿನ ಸಲ ಬರ್ತೀರಾ?"

"ಬರ್ಬೇಕಾದ್ರೆ ಬರ್ತೀನಿ. ಕಾಲು ಗಟ್ಟಿ ಇದೆ."

"ಕಾಲು ಗಟ್ಟಿ ಇದೆ, ಕಣ್ಣೇ ಮಂಜು," ಎಂದ ಅವನು. ಒಳಗಿನಿಂದ ಯಾರೋ ನಕ್ಕರು. ಮಾರ್ಲಿಸ್ ಕಾರಿಗೆ ಬಂದು ಕೂತಳು. "ಅವ್ನು ಹೇಳಿದ್ದು ಸುಳ್ಳಲ್ಲ," ಎಂದಳು ನನಗೆ. ಆಮೇಲೆ ಮುಂದಿನ ಮನೆಗೆ ಹೋದೆವು.

ನಿಲ್ಲುವವರು ಯಾರೂ ಸಿಗುತ್ತಿರಲಿಲ್ಲ. ಮೇಷ್ಟ್ರಿಗೆ ಹೃದಯದ ತೊಂದರೆ. ಯೂನಿಯನ್‌ನವರಿಗೆ ತಮ್ಮೊಳಗೇ ಜಗಳ. ಕೊನೆಗೆ ಅವಳು ಹಿಡಿದದ್ದು ಟೆಸ್ಸಾ ಹಕಾಲಾಳನ್ನು. ಕ್ಷೇತ್ರದ ಇನ್ನೊಂದು ತುದಿಯ ಊರಿನ ಆಸ್ಪತ್ರೆಯಲ್ಲಿ ನರ್ಸ್, ರೇಯನ್ನು ಕೊನೆಯಲ್ಲಿ ನೋಡಿಕೊಂಡವಳು. ನಲವತ್ತು ತುಂಬಿರಲಿಲ್ಲ, ಮಾತು ಚುರುಕು. ಮಾರ್ಲಿಸ್ ಅವಳ ಮನೆಗೆ ಮೂರು ಸಲ ಹೋದಳು. ಮೂರನೆಯ ಸಲ ಟೆಸ್ಸಾ ಕೇಳಿದಳು: "ನಾನೂ ಹೋಗಿ ಬದಲಾದ್ರೆ ಏನ್ ಮಾಡ್ತೀರಿ, ಮಾರ್ಲಿಸ್?"

"ನಿನ್ನ ವಿರುದ್ಧಾನೂ ಬಾಗಿಲು ತಟ್ತೀನಿ."

"ಹಂಗಾದ್ರೆ ಸರಿ, ನಿಲ್ತೀನಿ," ಎಂದಳು ಟೆಸ್ಸಾ.

ಟೆಸ್ಸಾ ನಿಂತ ಸುದ್ದಿ ಹಬ್ಬಿದ ಮೇಲೆ ಜನ ಸೇರತೊಡಗಿದರು. ನಮ್ಮ ಊರಿನಲ್ಲಿ ಅಷ್ಟಿಲ್ಲ, ಆದರೆ ಆ ತುದಿಯಲ್ಲಿ, ಕಾಲೇಜು ಇರುವ ಊರಿನಲ್ಲಿ, ನರ್ಸ್‌ಗಳು, ಶಾಲೆಯವರು, ಕೆರೆಯ ಬದಿಯ ಹೋಟೆಲಿನವರು. ನೆಲಮಾಳಿಗೆಯಲ್ಲಿ ಕಾಫಿ ಸಾಲದೆ ಹೋಯಿತು. ಚುನಾವಣೆಯ ವರ್ಷದ ಬೇಸಿಗೆಗೆ ರಾಜಧಾನಿಯಿಂದ ಪಕ್ಷದವರೂ ಬಂದರು. ಎರಡು ವರ್ಷ ಇತ್ತ ತಲೆ ಹಾಕದವರು ಗೆಲ್ಲುವ ವಾಸನೆ ಬಡಿದದ್ದೇ ತಡ ಬಾಡಿಗೆಗೆ ಅಂಗಡಿ ಹಿಡಿದು, ನಕ್ಷೆ ಅಂಟಿಸಿ, ಯಾವ ಬೀದಿಗೆ ಯಾರು ಎಂದು ಹಂಚತೊಡಗಿದರು. ಮೇಲ್ವಿಚಾರಣೆಗೆ ಬಂದವಳು ಬ್ರೀ ಎನ್ನುವ ಹುಡುಗಿ. ಕೆಟ್ಟವಳಲ್ಲ. ಒಂದು ಮಧ್ಯಾಹ್ನ ಮಾರ್ಲಿಸ್‌ಳನ್ನು ಪಕ್ಕಕ್ಕೆ ಕರೆದಳು.

"ನೀವು ಬೇಜಾರು ಮಾಡ್ಕೋಬಾರ್ದು. ಕಾಸ್ವೆಲ್‌ನಲ್ಲಿ ನೀವು ಮನೆಮನೆಗೆ ಹೋಗೋದು ಬೇಡ ಅಂತ ಮಾಡಿದೀವಿ."

"ಯಾಕಮ್ಮ?"

"ನಿಮ್ಮನ್ನ ನೋಡಿದ್ರೆ ಜನಕ್ಕೆ ಕರ್ಟ್ ನೆನಪಾಗ್ತಾನೆ. ಅವನನ್ನ ತಂದಿದ್ದು ನೀವೇ ಅಂತ ಎಲ್ಲರೂ ಅದನ್ನೇ ಹೇಳ್ತಾರೆ. ಟೆಸ್ಸಾಗೆ ಅದು ಒಳ್ಳೇದಲ್ಲ."

ಮಾರ್ಲಿಸ್ ನಕ್ಷೆಯ ಮುಂದೆ ಹೋಗಿ ನಿಂತಳು. ಮೇಲಿನ ಮೂಲೆಯಲ್ಲಿ, ಕಾಡಿನೊಳಗೆ ಹೋಗುವ ಮಣ್ಣುದಾರಿಗಳ ಮೇಲೆ ಯಾರ ಹೆಸರೂ ಇರಲಿಲ್ಲ. "ಇದು ಯಾರದು?"

"ಅಲ್ಲಿ ಮನೆಗಳು ತುಂಬಾ ದೂರ ದೂರ. ಹೋಗಿಬರೋದು ದಂಡ ಅಂತ ಬಿಟ್ಟಿದೀವಿ."

"ನಂಗೆ ಕೊಡು."

ಟೆಸ್ಸಾ ಅಲ್ಲೇ ಇದ್ದಳು. ತಲೆ ತಗ್ಗಿಸಿ ಏನೋ ಓದುತ್ತಿದ್ದಳು. ಅವಳು ತಲೆ ಎತ್ತಲಿಲ್ಲ ಎನ್ನುವುದನ್ನು ಮಾರ್ಲಿಸ್ ಬಹಳ ದಿನ ಕಳೆದ ಮೇಲೆ ನನಗೆ ಹೇಳಿದಳು, ಅದೂ ಒಂದೇ ಸಲ.

ಆ ಶರತ್ಕಾಲ ಅವಳು ದಿನವೂ ಆ ದಾರಿಗಳಲ್ಲಿ ಹೋದಳು. ಮನೆಯಿಂದ ಮನೆಗೆ ಹೋಗುವಷ್ಟರಲ್ಲಿ ಕಾಫಿ ಆರಿಹೋಗುವಷ್ಟು ದೂರ. ಗಾಲಿಯ ಮೇಲಿನ ಟ್ರೇಲರ್ ಮನೆಗಳು, ಬೇಟೆಗಾರರ ಗುಡಿಸಲುಗಳು, ಹೆಂಡತಿ ಸತ್ತ ಮೇಲೆ ಊರು ಬಿಟ್ಟು ಬಂದು ಕೂತವರು. ಅಲ್ಲಿ ಯಾರೂ ಅವಳ ಕೈಯಲ್ಲಿ ಉಂಡಿರಲಿಲ್ಲ. ಯಾರಿಗೂ ಅವಳು ಗೊತ್ತಿರಲಿಲ್ಲ. ಕೆಲವರು ನಾಯಿ ಬಿಟ್ಟರು. ದಾರಿಯ ಕೊನೆಯಲ್ಲಿ ಆರ್ವಿಡ್ ನಿಸ್ಕಾ ಎಂಬ ಮುದುಕ ಇದ್ದ, ಮದುವೆಯಾಗದವನು, ಮರ ಕಡಿದು ಬದುಕಿದವನು.

"ಓಟಾ?" ಎಂದ. "ನಾನು ಓಟು ಹಾಕಿ ಯಾವ ಕಾಲ ಆಯ್ತು. ಆಗ ನಿಂತಿದ್ದೋನು ಸತ್ತೂ ಹೋದ."

"ಹಾಕ್ಬೇಡ ಬಿಡು. ಕಾಲು ನೋಯ್ತಿದೆ, ಒಂಚೂರು ಕೂತ್ಕೊಳ್ಳಾ?"

"ಕೂತ್ಕೊ. ಆದ್ರೆ ಮಾತಾಡ್ಬೇಕು ಅಂತೇನಿಲ್ಲ."

ಇಬ್ಬರೂ ಮಾತಾಡದೆ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದರಂತೆ. ಹೊರಡುವಾಗ ಅವನು, "ನಾಳೆ ಮತ್ತೆ ಇದೇ ದಾರೀಲಿ ಬರ್ತೀಯಾ?" ಎಂದನಂತೆ. ಮುಗಿದ ದಾರಿ ಅದು, ಮತ್ತೆ ಹೋಗುವ ಕೆಲಸವಿರಲಿಲ್ಲ. ಆದರೂ ಅವಳು ಹೋದಳು.

ಟೆಸ್ಸಾ ಗೆದ್ದಳು. ದೊಡ್ಡ ಅಂತರವಲ್ಲ, ಆದರೆ ಗೆದ್ದಳು. ಗೆಲ್ಲಿಸಿದ್ದು ಆ ತುದಿಯ ಊರುಗಳು. ಕಾಸ್ವೆಲ್ ಮಾತ್ರ ಕರ್ಟ್‌ಗೇ ಓಟು ಹಾಕಿತ್ತು, ಹಿಂದಿನ ಸಲಕ್ಕಿಂತಲೂ ಹೆಚ್ಚಾಗಿ. ಗೆದ್ದವರ ಸಂಭ್ರಮ ಕಾಲೇಜಿನ ಊರಿನಲ್ಲಿ ನಡೆಯಿತು. ಮಾರ್ಲಿಸ್ ಹೋಗಲಿಲ್ಲ. ಮಾರನೆಯ ಬೆಳಗ್ಗೆ ಟೆಸ್ಸಾ ಫೋನ್ ಮಾಡಿ ಅತ್ತಳಂತೆ, "ನೀವಿಲ್ದೆ ಇದ್ರೆ ಏನೂ ಆಗ್ತಿರ್ಲಿಲ್ಲ," ಎಂದಳಂತೆ. "ಒಳ್ಳೇ ಕೆಲಸ ಮಾಡು, ಅಷ್ಟು ಸಾಕು," ಎಂದು ಮಾರ್ಲಿಸ್ ಫೋನ್ ಇಟ್ಟು, ಹಾಲು ತರಲು ಅಂಗಡಿಗೆ ಹೋದಳು. ಅಂಗಡಿಯಲ್ಲಿ ಏಳೆಂಟು ಜನ ಇದ್ದರು. ಯಾರೂ ಬೈಯಲಿಲ್ಲ. ಮಾತಾಡುತ್ತಿದ್ದವರು ಅವಳು ಒಳಗೆ ಬಂದಾಗ ನಿಲ್ಲಿಸಿದರು, ಹೊರಗೆ ಹೋದ ಮೇಲೆ ಶುರು ಮಾಡಿದರು. ನಾನು ಅಲ್ಲೇ ಇದ್ದೆ. ಗಲ್ಲಾದ ಹುಡುಗಿ ಅವಳ ಮುಖ ನೋಡದೆ ಚಿಲ್ಲರೆ ಕೊಟ್ಟಳು.

ಬೇಕಾಗಿದ್ದು ಆಗಿತ್ತು. ಕರ್ಟ್ ಸೆನೆಟ್‌ನಲ್ಲಿರಲಿಲ್ಲ. ಧೂಳಿನ ಹಳೆಯ ಕಟ್ಟುಪಾಡು ಮುಂದಿನ ವರ್ಷ ಮತ್ತೆ ಜಾರಿಗೆ ಬಂತು. ಟೆಸ್ಸಾ ಅದಕ್ಕಾಗಿ ಚೆನ್ನಾಗಿಯೇ ಹೋರಾಡಿದಳು. ತಾಮ್ರದ ಗಣಿ ಬರಲಿಲ್ಲ. ಅದಕ್ಕೆ ಕಾರಣ ಟೆಸ್ಸಾ ಅಲ್ಲ, ತಾಮ್ರದ ಬೆಲೆ ಬಿದ್ದು ಕಂಪನಿಯವರೇ ಹಿಂದೆ ಸರಿದದ್ದು. ಆದರೆ ನಮ್ಮ ಊರಿನಲ್ಲಿ ಅದನ್ನು ಯಾರು ಕೇಳುತ್ತಾರೆ? ಬರ್ನಡೆಟ್‌ಳ ಇಬ್ಬರೂ ಹೆಣ್ಣುಮಕ್ಕಳು ಸಾಮಾನು ಕಟ್ಟಿಕೊಂಡು ಗಂಡಂದಿರ ಹಿಂದೆ ಹೋದರು. ಲಾರಿಗೆ ಮಂಚ ಏರಿಸುವುದನ್ನು ಮಾರ್ಲಿಸ್ ತನ್ನ ಕಿಟಕಿಯಿಂದ ನೋಡಿದಳು.

ಫ್ರಾಂಕ್ ಮ್ಲಾಕರ್ ತೀರಿಕೊಂಡದ್ದು ಅದಾದ ಮುಂದಿನ ವರ್ಷ. ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಸಾವಿನ ಊಟಕ್ಕೆ ಅಡುಗೆ ಮಾಡುವ ಹೆಂಗಸರಲ್ಲಿ ಮಾರ್ಲಿಸ್ ಮೊದಲಿನಿಂದಲೂ ಇದ್ದವಳು. ಬರಬೇಡ ಎಂದು ಯಾರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಅವಳು ಬೆಳಗ್ಗೆಯೇ ಹೋಗಿ ಆಲೂಗಡ್ಡೆ ಬೇಯಿಸಿ, ಹಂದಿಮಾಂಸ ಹೆಚ್ಚಿ, ಎಲ್ಲರೂ ಉಣ್ಣುವಾಗ ಒಳಗೇ ಪಾತ್ರೆ ತೊಳೆಯುತ್ತಾ ನಿಂತಳು. ಕರ್ಟ್ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಬಂದ. ಸೋತ ಮೇಲೆ ಅವನು ಗುತ್ತಿಗೆದಾರನೊಬ್ಬನ ಕೈಕೆಳಗೆ ಮತ್ತೆ ವೈರಿಂಗ್ ಕೆಲಸಕ್ಕೆ ಸೇರಿದ್ದ. ಕೋಟು ಬಿಗಿಯಾಗಿತ್ತು. ಟವೆಲು ತೆಗೆದುಕೊಂಡು ತಟ್ಟೆ ಒರೆಸತೊಡಗಿದ.

"ಒಂದು ಮಾತು ಕೇಳ್ತೀನಿ, ಮಾರ್ಲಿಸ್. ಅವತ್ತು ನಾನು ಮುಂಚೇನೇ ಬಂದು ನಿಮ್ಮ ಹತ್ರ ಹೇಳಿದ್ದಿದ್ರೆ, ಸುಮ್ನಿರ್ತಿದ್ರಾ?"

ಅವಳು ಯೋಚಿಸಿದಳು. "ಇಲ್ಲ. ಇದನ್ನೇ ಮಾಡ್ತಿದ್ದೆ. ಆದ್ರೆ ಊಟಕ್ಕೆ ಕೂರ್ಸಿ ಬೈತಿದ್ದೆ."

ಕರ್ಟ್ ನಗಲು ಹೋದ. "ನನಗೆ ನಿಮ್ಮ ಮೇಲೆ ಕೋಪ ಇನ್ನೂ ಇಳ್ದಿಲ್ಲ."

"ನಂಗೂ."

"ಗೊತ್ತು," ಎಂದ. ತಟ್ಟೆಗಳು ಮುಗಿಯುವವರೆಗೂ ಒರೆಸುತ್ತಲೇ ಇದ್ದ. ನಾನು ಕುರ್ಚಿ ಮಡಚುತ್ತಾ ಬಾಗಿಲ ಬಳಿ ಇದ್ದೆ. ಅವನು ಟವೆಲನ್ನು ಸರಿಯಾಗಿ ಮಡಚಿ ಕಂಬಿಯ ಮೇಲೆ ಹಾಕಿ ಹೋದ.

ಆಮೇಲೆ ಬರ್ನಡೆಟ್ ಬಂದಳು, ಕಪ್ಪು ಉಡುಪಿನಲ್ಲಿ, ಮಗಳ ತೋಳು ಹಿಡಿದುಕೊಂಡು. ಅಡುಗೆಮನೆಯಲ್ಲಿದ್ದ ಹೆಂಗಸರಿಗೆಲ್ಲ ಒಬ್ಬೊಬ್ಬರಿಗೇ ಕೈಕೊಟ್ಟಳು. ಮಾರ್ಲಿಸ್ ಏಪ್ರನ್‌ಗೆ ಕೈ ಒರೆಸಿಕೊಂಡು ಕಾದಳು. ಸರದಿ ಬಂದಾಗ ಬರ್ನಡೆಟ್ ಅವಳ ಕೈಯನ್ನೂ ಹಿಡಿದಳು, "ಊಟ ಚೆನ್ನಾಗಿತ್ತು. ತುಂಬಾ ಉಪಕಾರ ಆಯ್ತು ನಿಮ್ಮಿಂದ," ಎಂದಳು. ನಿಮ್ಮಿಂದ. ಹುಟ್ಟಿದಾಗಿನಿಂದ ಜೊತೆಗೆ ಬೆಳೆದವಳು ಬೇರೆ ಊರಿನ ಅಡುಗೆಯವಳಿಗೆ ಹೇಳುವ ಹಾಗೆ ಹೇಳಿ, ಪಕ್ಕದವಳ ಕಡೆ ತಿರುಗಿದಳು.

ಮಾರ್ಲಿಸ್ ಮತ್ತೆ ತೊಟ್ಟಿಯ ಕಡೆಗೆ ತಿರುಗಿ ನಲ್ಲಿ ಬಿಟ್ಟಳು. ತೊಳೆಯಲು ಏನೂ ಉಳಿದಿರಲಿಲ್ಲ.

ಬರ್ನಡೆಟ್ ಆ ಬೇಸಿಗೆಯಲ್ಲೇ ಮಗಳ ಊರಿಗೆ ಹೋದಳು. ಮನೆ ಮಾರಾಟಕ್ಕಿದೆ, ನಮ್ಮ ಊರಿನಲ್ಲಿ ಕೊಳ್ಳುವವರು ಯಾರಿದ್ದಾರೆ? ಗುರುವಾರ ಗುರುವಾರ ಮಾರ್ಲಿಸ್ ಆರ್ವಿಡ್ ಮುದುಕನ ಕಡೆ ಹೋಗಿ ಬರುತ್ತಾಳೆ. ಪಕ್ಷದ ಅಧ್ಯಕ್ಷತೆ ಬಿಟ್ಟಿದ್ದಾಳೆ. ಟೆಸ್ಸಾ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಾಳೆ.

ಹೋದ ಚಳಿಗಾಲ ಮೊದಲ ದೊಡ್ಡ ಹಿಮ ಬಿದ್ದ ಬೆಳಗ್ಗೆ ನಾನು ಬಾಗಿಲು ತೆರೆದಾಗ, ಅವಳು ತನ್ನ ಮನೆಯ ದಾರಿ ತೋಡಿ ಮುಗಿಸಿ ಪಕ್ಕದ ಮನೆಯ ದಾರಿಗೆ ಸಲಿಕೆ ಹಾಕಿದ್ದಳು. ಮೆಟ್ಟಿಲವರೆಗೂ ಅಚ್ಚುಕಟ್ಟಾಗಿ ತೋಡುತ್ತಿದ್ದಳು.

"ಅಲ್ಲಿ ಯಾರೂ ಇಲ್ವಲ್ಲ, ಮಾರ್ಲಿಸ್. ಯಾಕೆ ಸುಮ್ನೆ ಸೊಂಟ ಮುರ್ಕೊಳ್ತೀರಿ?" ಎಂದು ಬೀದಿಯ ಈಚೆಯಿಂದಲೇ ಕೂಗಿದೆ.

ಅವಳು ನಿಂತು ಉಸಿರು ಬಿಟ್ಟಳು, ಬಿಳಿ ಹಬೆ ಮುಖದ ಸುತ್ತ ನಿಂತಿತು.

"ಖಾಲಿ ಮನೆ ಅಂತ ಗೊತ್ತಾಗ್ಬಾರ್ದು ಕಣಯ್ಯ," ಎಂದಳು. ಮತ್ತೆ ಬಾಗಿದಳು.